ಕೂಡಿಸಿ ನೋಡುವ ಕೆಲಸ

ಒಂದೊಂದಾಗಿ ನೋಡಿದರೆ ಎಲ್ಲವೂ ಸರಿ ಇರುತ್ತವೆ, ಕೂಡಿಸಿದಾಗಲೇ ಪಜೀತಿ. ಸಂಸಾರದಲ್ಲಿ ಇದು ದಿನಾ ಪುಕ್ಕಟೆ ನಡೆಯುತ್ತದೆ. ನಮ್ಮ ಆಫೀಸಿನಲ್ಲಿ ಅದಕ್ಕೇ ಪಗಾರ ಕೊಡುತ್ತಾರೆ.

ನಾರಾಯಣಪೇಟೆಯ ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಆಫೀಸು. ಅಂಗಡಿಗಳ ಸಾಫ್ಟ್‌ವೇರಿಗೆ ಬೇಕಾಗುವ ತುಂಡುಗಳನ್ನು ಇಂಜಿನಿಯರ್ ಸಾಹೇಬರು ಬರೆಯುತ್ತಾರೆ: ಬಿಲ್ ಮಾಡುವುದು ಒಂದು, ವಿಳಾಸ ಇಡುವುದು ಒಂದು, ಮೆಸೇಜ್ ಕಳಿಸುವುದು ಒಂದು. ಈ ಗಂಟಿಗೆ ಲೈಬ್ರರಿ ಅನ್ನುತ್ತಾರೆ. ತುಂಡುಗಳು ಕೂಡಿ ನಡೆಯುತ್ತವೋ ಇಲ್ಲವೋ ಎಂದು ಟೆಸ್ಟ್ ಓಡಿಸುವುದು, ಟೆಸ್ಟುಗಳನ್ನು ಹೊಂದಿಸಿಡುವುದು, ಯಾವುದನ್ನು ಹೇಗೆ ಓಡಿಸಬೇಕೆಂದು ಬರೆದಿಡುವುದು ಹತ್ತನೇ ಪಾಸಾದ ನನ್ನ ಕೆಲಸ.

ಹೈದರಾಬಾದಿನ ಕಂಪನಿಯೊಂದು ಈ ಲೈಬ್ರರಿಯನ್ನು ಕೊಳ್ಳುವುದಿತ್ತು. ಒಂದೇ ಷರತ್ತು: ನಾನು ಬರೆದದ್ದನ್ನು ಓದಿ, ಹೊಸಬರು ಯಾರನ್ನೂ ಕೇಳದೆ ಎಲ್ಲ ಟೆಸ್ಟ್ ಓಡಿಸಬೇಕು. ಆಗದಿದ್ದರೆ ಆಫೀಸಿಗೆ ಬೀಗ. ನಾನು ಮಗಳನ್ನು ಸೊಂಟಕ್ಕೇರಿಸಿಕೊಂಡು ಇಡೀ ದಿನ ಅತ್ತೆಯ ಕಣ್ಣೆದುರು.

ಟೆಸ್ಟ್ ಸೀರೆ

ಸಾಹೇಬರು ಟೆಸ್ಟ್ ಗಿರಾಕಿಯ ನಂಬರ್ ಅಂತ ಹೆಂಡತಿಯ ಮೊಬೈಲ್ ನಂಬರ್ ಹಾಕಿದ್ದರು. ನಾನು ಟೆಸ್ಟ್ ಓಡಿಸಿದಾಗಲೆಲ್ಲ ಮಕ್ತಲ್‌ನಲ್ಲಿದ್ದ ಆ ಅಮ್ಮನಿಗೆ ‘ಗದ್ವಾಲ ಸೀರೆ ಕೊಂಡಿದ್ದಕ್ಕೆ ಧನ್ಯವಾದ’ ಎಂದು ಮೆಸೇಜ್ ಹೋಗುತ್ತಿತ್ತು. ಮಧ್ಯಾಹ್ನದ ಬಸ್ಸಿಗೆ ಬಂದೇ ಬಿಟ್ಟರು.

“ಎಲ್ಲಿ ಅದಾವ್ರೀ ಸೀರಿ?”

“ಅದು ಟೆಸ್ಟ್ ಸೀರಿ. ಖರೇ ಸೀರಿ ಅಲ್ಲ.”

“ಮುಂಜಾನಿಂದ ಒಂದರ ಹಿಂದ ಒಂದು ಬರಾಕ ಹತ್ಯಾವ. ಅಷ್ಟೂ ಯಾರಿಗೆ ಉಡಿಸಿದ್ರಿ?”

ಆಮೇಲೆ ನನ್ನ ಕಡೆ ನೋಡಿದರು. ನಾನು ಉಟ್ಟಿದ್ದ ಸೀರೆಯ ಬಣ್ಣಗೆಟ್ಟ ಅಂಚೇ ನನ್ನ ಮಾನ ಕಾಯಿತು. ಸಾಹೇಬರು ಹೆಂಡತಿಯನ್ನು ಕೆಳಗಿನ ಅಂಗಡಿಗೆ ಕರೆದುಕೊಂಡು ಹೋದರು. ನಾನು ಬರೆದಿಟ್ಟೆ: ‘ಇಲ್ಲಿ ಹೆಂಡತಿಯ ನಂಬರ್ ಹಾಕಬಾರದು. ಹಾಕಿದರೆ ಟೆಸ್ಟ್ ಪಾಸ್, ಮನೆ ಫೇಲ್.’

ಖರೇ ಹೊಸದು

ವಿಳಾಸದ ಟೆಸ್ಟುಗಳದು ಬೇರೆ ಕಥೆ. ತೆಲಂಗಾಣ ರಾಜ್ಯ ಬಂತು, ವಿಳಾಸ ಬದಲಾಗಿ ಎಲ್ಲ ಫೇಲ್. ತಿದ್ದಿದರು. ಗದ್ವಾಲ ಬೇರೆ ಜಿಲ್ಲೆಯಾಯಿತು, ಫೇಲ್. ನಾರಾಯಣಪೇಟೆ ಬೇರೆಯಾಯಿತು, ಮತ್ತೆ ಫೇಲ್. ಪ್ರತಿ ಸಲ ಸಾಹೇಬರು ಒಂದು ಫೋಲ್ಡರ್ ಮಾಡುತ್ತಿದ್ದರು: ‘ಹೊಸದು’, ‘ಖರೇ ಹೊಸದು’, ‘ಇದೇ ಹೊಸದು’.

“ಯಾವುದು ಓಡಸ್ಲಿ ಸರ್?”

“ಯಾವುದು ಪಾಸ್ ಆಗತೈತೋ ಅದು.”

ಇವರನ್ನು ಕೇಳಿ ಉಪಯೋಗವಿಲ್ಲವೆಂದು, ಮೊಮ್ಮಗಳ ಮದುವೆ ಸೀರೆಗೆ ಕೆಳಗಿನ ಅಂಗಡಿಗೆ ಬಂದಿದ್ದ, ಗದ್ವಾಲ ಕಡೆಯ ಧರೂರಿನ ಅಜ್ಜನನ್ನೇ ಕೇಳಿದೆ: “ಈಗ ನಿಮ್ಮ ಜಿಲ್ಲಾ ಯಾವುದ್ರಿ ಅಜ್ಜಾ?”

“ನಾ ಎಲ್ಲಿಗೂ ಹೋಗಿಲ್ಲವ್ವ. ಜಿಲ್ಲಾನೇ ಬಂದು ಬಂದು ಹೋಗಾಕ ಹತ್ಯಾವ.”

ಹೈದರಾಬಾದಿನ ಮೇಡಂ

ಹೆಂಡತಿ ಬಂದುಹೋದ ಮೇಲೆ ಸಾಹೇಬರಿಗೆ ಬೇರೆ ಗಿರಾಕಿ ಬೇಕಾಯಿತು. ಆಗಲೇ ನನಗೆ ಬುತ್ತಿ ಕೊಡಲು ಬಂದಿದ್ದ ನನ್ನ ಗಂಡನ ಹೆಸರನ್ನು ಟೆಸ್ಟ್ ಗಿರಾಕಿ ಅಂತ ಸೇರಿಸಿದರು. ನಾನೋ ಎಲ್ಲವನ್ನೂ ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸುವವಳು. ಆಫೀಸಿನಲ್ಲೂ ಒಂದು ಕೈಯಲ್ಲಿ ಮಗಳಿರುತ್ತಾಳಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ‘ನಮ್ಮ ಮನಿಯವರು’ ಅಂದೆ, ಮೊಬೈಲ್ ಹಾಗೇ ಬರೆಯಿತು.

ಕಂಪನಿಯಿಂದ ಪರೀಕ್ಷೆಗೆ ಬಂದ ಮೇಡಂ ಮೂಲತಃ ನಮ್ಮ ರಾಯಚೂರು ಕಡೆಯವರೇ. ಸಾಹೇಬರನ್ನು ಮೆಟ್ಟಿಲಿಗೆ ಕಳಿಸಿ, ನನ್ನ ಬರಹ ಓದುತ್ತ ಟೆಸ್ಟ್ ಓಡಿಸಿದರು. ಹಸಿರು, ಹಸಿರು, ಹಸಿರು, ಎಲ್ಲ ಪಾಸ್. ಕೊನೆಯದಕ್ಕೆ ಬಂದು ನಿಂತರು: ‘ಗಿರಾಕಿ ಹೆಸರಿನ ಜಾಗದಲ್ಲಿ ನಮ್ಮ ಮನಿಯವರ ಹೆಸರು ಹಾಕಿ ಒತ್ತಿರಿ.’

“ಏನವ್ವಾ ಅವರ ಹೆಸರು?” ಕೇಳಿಯೇ ಬಿಟ್ಟರು. ಷರತ್ತು ಮುರಿಯಿತು.

“ಶಿವನ ಗುಡಿ ಮುಂದ ಕುಂತಿರ್ತಾನಲ್ರಿ...”

ನಂದಿ ಎಂದು ಹಾಕಿದರು. ಕೆಂಪು.

“ಬಸ್ಯಾ!” ಎಂದು ಮಗಳು ಕೂಗಿದಳು, ನಮ್ಮ ಅತ್ತೆ ಕರೆಯುವ ಹಾಗೆ. ಅದನ್ನೂ ಹಾಕಿದರು. ಕೆಂಪು.

ಆಫೀಸಿನ ಬೀಗ ನನ್ನ ಕಣ್ಣ ಮುಂದೆ ಬಂತು. “ಮೇಡಂ, ಹೊಸ ಗಿರಾಕಿ ಅಂತ ನಿಮ್ಮ ಮನಿಯವರನ್ನೇ ಸೇರಿಸಿ ಅವರ ಹೆಸರು ಹಾಕ್ರಿ. ನಡೀತೈತಿ.”

ಹಾಕಿದರು. ಹಸಿರು!

ಸಾಹೇಬರು ಬಾಗಿಲಲ್ಲಿ ತಲೆ ಹಾಕಿದರು. “ಪಾಸಾತ? ಯಾರ ಹೆಸರು ಹಾಕಿದ್ರಿ ಮೇಡಂ?”

ಮೇಡಂ ಬಾಯಿ ತೆರೆದರು. ಮುಚ್ಚಿದರು. ಕಂಪ್ಯೂಟರಿನ ಮುಖವನ್ನು ಸಾಹೇಬರ ಕಡೆ ತಿರುಗಿಸಿ, “ಕಣ್ಣು ಅದಾವಲ್ರಿ, ಓದ್ಕೋರಿ,” ಅಂದರು.

ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಲಿಲ್ಲ. ರಿಪೋರ್ಟ್ ಬರೆದು ಕೊಟ್ಟು ಹೋದರು: ‘ಯಾರನ್ನೂ ಏನೂ ಕೇಳುವ ಪ್ರಸಂಗ ಬರಲಿಲ್ಲ. ಕೊಳ್ಳಬಹುದು. ಗಿರಾಕಿಯ ಹೆಸರಿಗೆ ಮಾತ್ರ ಇನ್ನು ಮುಂದೆ ಮದುವೆಯಾಗದವರನ್ನು ಹಾಕತಕ್ಕದ್ದು.’