ಪಾಚಿ ತಿನ್ನುವವರು ಬೇಕಾಗಿದ್ದಾರೆ

ಸಿಟ್ಟು ಮಾಡಿಕೊಳ್ಳಬಾರದೆಂದು ದಿನವೂ ಬೆಳಿಗ್ಗೆ ಲಿಂಗಪೂಜೆಯ ಹೊತ್ತಿನಲ್ಲಿ ಶಿವನನ್ನು ಬೇಡಿಕೊಳ್ಳುತ್ತೇನೆ. ಅವನೂ ನಡೆಸಿಕೊಡುತ್ತಾನೆ, ನಾನು ಪೂಜೆ ಮುಗಿಸಿ ನಡುಮನೆಗೆ ಕಾಲಿಡುವ ತನಕ. ನಡುಮನೆಯ ಕಿಟಕಿಯ ಕೆಳಗೆ ಸಮುದ್ರವಿದೆ. ಘಟ್ಟದ ಮೇಲಿನ ನಮ್ಮೂರ ಸವಳಂಗ ರಸ್ತೆಯ ಮನೆಯೊಳಗೆ ಸಮುದ್ರ ಹೇಗೆ ಬಂತೆಂದು ಕೇಳಬೇಡಿ. ಕೇಳಿದರೆ ನಮ್ಮ ಯಜಮಾನರ ಬಗ್ಗೆ ಹೇಳಬೇಕಾಗುತ್ತದೆ, ಹೇಳಿದರೆ ಮಾಡಿದ ಪೂಜೆಯೆಲ್ಲ ದಂಡವಾಗುತ್ತದೆ.

ಆದರೂ ಹೇಳುತ್ತೇನೆ. ಇವರು ಭದ್ರಾವತಿಯ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರು. ಬೆಳಗಿನ ರೈಲಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಒಮ್ಮೆ ಹೊನ್ನಾವರದ ಕಡೆ ಹೋದವರು ಬಂಡೆಗಳ ನಡುವೆ ಆಡುವ ಪಟ್ಟೆಪಟ್ಟೆ ಮೀನು ಕಂಡು ಮರುಳಾದರು. ಗಾಜಿನ ತೊಟ್ಟಿ ಮಾಡಿಸಿದರು. ಆ ಕಡೆಗೆ ಅಕ್ಕಿ ಸಾಗಿಸುವ ಲಾರಿಯ ಕರೀಂ ಸಾಹೇಬರು ದೊಡ್ಡ ಜಾಡಿಗಳಲ್ಲಿ ಸಮುದ್ರದ ನೀರನ್ನೂ ಎರಡು ಮೀನನ್ನೂ ತಂದಿಳಿಸಿದರು. ಶರಣರ ಮನೆಗೆ ಮೀನು ಬಂತೆಂದು ಬೀದಿಯ ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದರು. ಮೀನಿಗೆ ಉಸಿರಾಡಲು ಗಾಳಿ ಬೇಕಂತೆ. ಅದಕ್ಕೆ ಯಂತ್ರ ನಮ್ಮ ಪೇಟೆಯಲ್ಲಿ ಎಲ್ಲಿ ಸಿಗಬೇಕು? ಲಾರಿಯ ಹಳೆಯ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಸಣ್ಣ ನಳಿಗೆಯಲ್ಲಿ ನೀರಿಗೆ ಬಿಡಬೇಕು. ತುಂಬುವವರು ಯಾರು? ಇವರು ರೈಲಿನಲ್ಲಿರುತ್ತಾರಲ್ಲ! ಸಮುದ್ರ ಬಂದರೂ ಅಲೆ ಬರಲಿಲ್ಲ, ಅಷ್ಟರಮಟ್ಟಿಗೆ ಶಿವ ದೊಡ್ಡವನು.

ಅಲೆಯ ಬದಲು ಪಾಚಿ ಬಂತು. ಗಾಜು, ಕಲ್ಲು, ನಳಿಗೆ ಎಲ್ಲ ಹಸಿರು. ಉಜ್ಜಿದಷ್ಟೂ ಬಂತು. ನನ್ನ ಸಿಟ್ಟು ಉಜ್ಜುವುದಕ್ಕಷ್ಟೇ ಅಲ್ಲ. ಎಲ್ಲೋ ಸುಖವಾಗಿದ್ದ ಜೀವಗಳನ್ನು ಹಿಡಿದು ತಂದು ಈ ಕೊಳಕಿನಲ್ಲಿ ಕೊಂದರೆ ಪಾಪ ಯಾರಿಗೆ? ಮನೆಯಲ್ಲಿರುವವಳಿಗೆ. "ರೀ, ಒಂದು ಜೀವ ಸತ್ರೂ ಈ ತೊಟ್ಟಿ ಬೀದಿಗೆ ಹೋಗುತ್ತೆ, ಹೇಳಿದೀನಿ" ಎಂದೆ. "ಯಾಕೆ ಉಜ್ತೀಯ ಮಾರಾಯ್ತಿ? ಪಾಚಿ ತಿನ್ನೋ ಪ್ರಾಣಿ ತರಿಸ್ತೀನಿ ಬಿಡು" ಎಂದರು. ಮನೆ ಗಲೀಜಾಯಿತೆಂದರೆ ಇನ್ನೂ ನಾಲ್ಕು ನೆಂಟರನ್ನು ಕರೆಸುವ ಬುದ್ಧಿ ಗಂಡಸರಿಗೆ ಮಾತ್ರ ಹೊಳೆಯುತ್ತದೆ.

ಸಾಹೇಬರು ಡಬ್ಬಿ ತಂದು ಜಗುಲಿಯಲ್ಲಿಟ್ಟರು. ನಾನು ಮಗಳಿಗೆ ಗಂಡು ನೋಡುವವಳಂತೆ ವಿಚಾರಣೆಗೆ ಕೂತೆ.

"ಇದು ಏನು ತಿನ್ನುತ್ತೆ, ಸಾಹೇಬ್ರೇ?"

"ಬಸವನಹುಳ ಅಮ್ಮಾ. ಬರೀ ಪಾಚಿ. ಬಹಳ ಸಾಧು."

ಹೆಸರಿನಲ್ಲೇ ಬಸವನಿರುವಾಗ ಇನ್ನೇನು ಕೇಳಲಿ? "ಇದು?"

"ಶಂಖದ ಏಡಿ. ಬೇರೆಯವರ ಚಿಪ್ಪಲ್ಲಿ ಸೇರ್ಕೊಂಡಿರುತ್ತೆ. ಪಾಚಿನೂ ತಿನ್ನುತ್ತೆ, ಸಿಕ್ಕಿದ್ದೂ ತಿನ್ನುತ್ತೆ."

"ಸಿಕ್ಕಿದ್ದು ಅಂದ್ರೆ?"

ಸಾಹೇಬರು ಗಡ್ಡ ಕೆರೆದುಕೊಂಡರು. "ಅದು ಅದರ ಖುಷಿ ಅಮ್ಮಾ. ನಾನು ಹೆಂಗೆ ಬೇಡ ಅನ್ನಲಿ?"

ಏಡಿ ಬೇಡವೇ ಬೇಡ ಎಂದೆ. ಇವರು "ಚುರುಕಾಗಿದಾವೆ ಕಣೇ, ಬೇಗ ಬೇಗ ಕೆಲಸ ಮುಗಿಸ್ತಾವೆ" ಎಂದು ಎರಡೂ ಜಾತಿಯನ್ನು ತೊಟ್ಟಿಗೆ ಬಿಟ್ಟು ಮರುದಿನ ರೈಲು ಹಿಡಿದರು.

ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತವಳು ಕಣ್ಣಾರೆ ಕಂಡೆ. ಒಂದು ಏಡಿ ಬಸವನಹುಳದ ಚಿಪ್ಪಿಗೆ ಕೈಹಾಕಿ, ಒಳಗಿದ್ದ ಬಡಜೀವವನ್ನು ಎಳೆದೆಳೆದು ತಿಂದು, ತನ್ನ ಹಳೆಯ ಚಿಪ್ಪು ಬಿಸಾಕಿ ಅದರೊಳಗೆ ಹೋಗಿ ಕೂತಿತು! ಬಾಡಿಗೆಗೆ ಮನೆ ಕೇಳಲು ಬಂದವನು ಮಾಲೀಕನನ್ನೇ ನುಂಗಿ ಗೃಹಪ್ರವೇಶ ಮಾಡಿದ ಹಾಗೆ. ಮೈಯೆಲ್ಲ ಉರಿಯಿತು. ಇಕ್ಕಳದಿಂದ ಏಡಿಗಳನ್ನೆಲ್ಲ ಹಿಡಿದು, ಜಾಡಿಯಲ್ಲಿ ಉಳಿದಿದ್ದ ಸಮುದ್ರದ ನೀರನ್ನು ಬಕೆಟ್ಟಿಗೆ ಸುರಿದು ಅದರೊಳಗೆ ಹಾಕಿದೆ. ಆ ಇಕ್ಕಳ ಮತ್ತೆ ಅಡುಗೆಮನೆಗೆ ಬರಲಿಲ್ಲ. ಬೆರಳು ಕಚ್ಚಿಸಿಕೊಳ್ಳಲಿಲ್ಲ, ಅದೇ ಪುಣ್ಯ.

ಸಂಜೆ ಇವರು "ಅದು ಪ್ರಕೃತಿ ನಿಯಮ ಕಣೇ" ಎಂದರು.

"ನಿಮ್ಮ ಪ್ರಕೃತೀನ ಭದ್ರಾವತೀಲೇ ಇಟ್ಕೊಳ್ಳಿ!"

ಮಾತಿನ ಪ್ರಕಾರ ತೊಟ್ಟಿ ಬೀದಿಗೆ ಹೋಗಬೇಕಿತ್ತು. ಎತ್ತಿ ಹಾಕಿದರೆ ಉಳಿದವೂ ಸಾಯುತ್ತವೆ. ಹಾಗಾಗಿ ಏಡಿಗಳು ಲಾರಿ ಹತ್ತಿ ಸಮುದ್ರಕ್ಕೆ ಹೋದವು. ತೊಟ್ಟಿ ಉಳಿಯಿತು, ನನ್ನ ಸಿಟ್ಟೂ ಉಳಿಯಿತು.

ಬಸವನಹುಳಗಳು ಮಾತ್ರ ಸದ್ದಿಲ್ಲದೆ ದುಡಿದವು. ಗಾಜು ಕನ್ನಡಿಯಂತಾಯಿತು. ಆಮೇಲೆ ತಿನ್ನಲು ಏನೂ ಇಲ್ಲ! ಬರಿಗಾಜಿಗೆ ಬಾಯಿ ಒತ್ತಿಕೊಂಡು ಹುಡುಕುತ್ತಿದ್ದವು. ಬಂದ ಜಂಗಮರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಮನೆಯಲ್ಲ ನಮ್ಮದು. ಸೊಪ್ಪು ಹಾಕಿದೆ, ಮೂಸಲಿಲ್ಲ. ಕೊನೆಗೆ ಹಿತ್ತಲ ಬಿಸಿಲಿಗೆ ಬಾನಿಯಿಟ್ಟು, ಸಮುದ್ರದ ನೀರು ತುಂಬಿ, ಕಲ್ಲು ಮುಳುಗಿಸಿ ನಾನೇ ಪಾಚಿ ಬೆಳೆಸತೊಡಗಿದೆ. ಹಸಿರು ಹಿಡಿದ ಕಲ್ಲನ್ನು ತೊಟ್ಟಿಗೆ ಹಾಕುವುದು, ಬೋಳಾದದ್ದನ್ನು ಬಾನಿಗೆ ಹಾಕುವುದು. ಇವರಿಗೆ ಹೇಳಲಿಲ್ಲ. ಪಾಚಿಗಾಗಿ ಅಷ್ಟು ಬೈದವಳು ಯಾವ ಬಾಯಿಂದ ಹೇಳಲಿ?

ಕಳೆದ ಭಾನುವಾರ ಹಿತ್ತಲಲ್ಲಿ ಗರಗರ ಸದ್ದು. ಹೋಗಿ ನೋಡಿದರೆ, ಮದುವೆಯಾದಾಗಿನಿಂದ ಒಂದು ಲೋಟ ತೊಳೆಯದ ಇವರು ಪಂಚೆ ಎತ್ತಿ ಕಟ್ಟಿ, ಬಾನಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತೆಂಗಿನ ನಾರಿನಿಂದ ನನ್ನ ಕಲ್ಲುಗಳನ್ನೆಲ್ಲ ಬೆಳ್ಳಗೆ ಉಜ್ಜಿಟ್ಟಿದ್ದಾರೆ! "ಪಾಪ, ನೀನೊಬ್ಬಳೇ ಎಷ್ಟೂಂತ ಉಜ್ತೀಯ" ಎಂದು ನಗುತ್ತ ತಲೆಯೆತ್ತಿದರು.

ಆ ಮಾತೊಂದು ಕೇಳಲು ಎಷ್ಟು ವರ್ಷ ಕಾದಿದ್ದೆನೋ ಶಿವನೇ ಬಲ್ಲ. ನಾನು ಇವರ ಕೈಯಿಂದ ನಾರು ಕಿತ್ತುಕೊಂಡು, "ನಿಮಗೆ ಯಾರ್ರೀ ಹೇಳಿದ್ದು ಮನೆ ಕೆಲಸ ಮಾಡೋಕೆ!" ಎಂದು ಕೂಗಿದೆ. ಬೀದಿಗೆಲ್ಲ ಕೇಳಿಸಿತು. ಇನ್ನು ಈ ಜನ್ಮದಲ್ಲಿ ಇವರ ಮೇಲೆ ಯಾರ ಹತ್ತಿರವೂ ದೂರು ಹೇಳುವ ಹಾಗಿಲ್ಲ.