ಎರಡನೇ ಗೇರಿನಲ್ಲಿ ಕಾಣೆ ಮೀನಿನ ಸಾರು

“ಈ ಗೇರ್ ಲಿವರ್ ಇವತ್ತ್ ನಾನೇ ಕಟ್ತೆ. ನಾ ಹಾಕಿದ ಗಂಟ್ ಬಿಚ್ಚು ಕಡಲ್ ಇನ್ನೂ ಹುಟ್ಲಿಲ್ಲೆ!”

2004ನೇ ಇಸವಿಯ ಒಂದು ಭಾನುವಾರ ಬೆಳಿಗ್ಗೆ, ಕುಂದಾಪುರದ ತಮ್ಮ ಅಂಗಳದಲ್ಲಿ ನಿಂತು ಹೀಗೆ ಘೋಷಿಸಿದವರು ರತ್ನಾಕರ ಮೊಗವೀರರು. ಕೋಡಿಯ ಬಲೆ ಹೆಣೆಯುವ ಮನೆತನದಲ್ಲಿ ಹುಟ್ಟಿ, ಮೀನುಗಾರಿಕೆ ಇಲಾಖೆಯಲ್ಲಿ ದುಡಿದು, ಗೌರವಯುತವಾಗಿ ನಿವೃತ್ತರಾದವರು. ಬಾಗಿಲಲ್ಲಿ ನಿಂತಿದ್ದ ಅವರ ಪತ್ನಿ ವನಜ ಕೇಳಿದರು: “ಕಡಲ್ ಯಾಕೆ ಮಾರಾಯ್ರೆ, ಬೈಕ್ ಬಿಚ್ಚಿದ್ರ್ ಸಾಕಲ್ದಾ?”

ಇಲ್ಲಿ ಸಂಗತಿಯನ್ನು ಸ್ಪಷ್ಟಪಡಿಸುವುದು ಅಗತ್ಯ. ಬೈಕು ಕೆಟ್ಟಿರಲಿಲ್ಲ. ಅದರ ಗೇರ್ ಲಿವರು ಮಾತ್ರ ಸಡಿಲವಾಗಿ, ಮುದುಕರ ಹಲ್ಲಿನಂತೆ ಅಲ್ಲಾಡುತ್ತಿತ್ತು. ಮೆಕ್ಯಾನಿಕ್ ಸೂರ ಅದನ್ನು ನೋಡಿ, “ಒಳಗಿನ ಶಾಫ್ಟಿಂದ್ ಹಲ್ಲ್ ಸವ್ದಿತ್ತ್. ಬೈಕ್ ಬಿಟ್ಟ್ ಹೋಯ್ನಿ, ನಾಡ್ದ್ ಕೊಡ್ತೆ” ಎಂದಿದ್ದ. ನಾಡಿದ್ದು! ಸರಕಾರದ ಕಡತಗಳೇ ಇದಕ್ಕಿಂತ ಬೇಗ ಸಾಗುತ್ತಿದ್ದವು ಎಂದು ರತ್ನಾಕರರು ಕೆರಳಿದರು. ಏಕೆಂದರೆ ಅಂದು ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಬ್ರಹ್ಮಾವರ ತಲುಪಲೇಬೇಕಿತ್ತು.

ಬ್ರಹ್ಮಾವರದಲ್ಲಿ ಗಂಡನ ಮನೆಯಲ್ಲಿದ್ದ ಮಗಳು ಪೂಜಿತಾ ಚೊಚ್ಚಲ ಬಸುರಿ. ಕೆಲವು ದಿನಗಳಿಂದ ಸರಿಯಾಗಿ ಉಂಡಿರಲಿಲ್ಲ. ಹಿಂದಿನ ಸಂಜೆ ಫೋನಿನಲ್ಲಿ, “ಅಮ್ಮಾ, ನೀ ಮಾಡಿದ ಕಾಣಿ ಮೀನಿನ ಸಾರ್ ಬೇಕ್. ಬೇರೆ ಎಂತದೂ ಗಂಟಲಗ್ ಇಳಿತಿಲ್ಲೆ” ಎಂದು ಅತ್ತೇಬಿಟ್ಟಿದ್ದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂಬ ಮಾತನ್ನು ರತ್ನಾಕರರು ನಂಬುವವರಲ್ಲ. ಆದರೆ ಅದನ್ನು ಸ್ವಂತ ಮೊಮ್ಮಗುವಿನ ಮೇಲೆ ಪರೀಕ್ಷಿಸಲು ಅವರು ಸಿದ್ಧರಿರಲಿಲ್ಲ!

“ಬಸ್ಸಿಗ್ ಹೋಪ. ನಿಮಿಷಕ್ಕೊಂದ್ ಬತ್ತ್” ಎಂದರು ವನಜ.

“ಬಸ್ಸಿಗಾ? ಅವ್ರ್ ಬ್ರೇಕ್ ಹಾಕು ಚಂದಕ್ಕೆ ಸಾರ್ ಕಂಡಕ್ಟರನ ತಲಿ ಮೇಲಿರತ್ತ್!”

ರತ್ನಾಕರರು ಅಟ್ಟದಿಂದ ಬಲೆಯ ಪ್ಲಾಸ್ಟಿಕ್ ಹುರಿ ಇಳಿಸಿದರು. ಸವೆದ ಹಲ್ಲುಗಳ ಸಂದಿಗೆ ಹುರಿ ತುಂಬಿ, ಲಿವರನ್ನು ಕೂರಿಸಿ, ಬೋಲ್ಟು ಬಿಗಿದು, ಮೇಲಿನಿಂದ ಸುತ್ತಿ ಸುತ್ತಿ, ಅಜ್ಜನ ಕಾಲದಿಂದ ಬಂದ ಬಲೆಗಂಟು ಹಾಕಿದರು. ನೆನೆದಷ್ಟೂ ಬಿಗಿಯುವ ಗಂಟದು! ಅಂಗಳದಲ್ಲಿ ಪರೀಕ್ಷಿಸಿದಾಗ ಲಿವರು ವಿಧೇಯ ಗುಮಾಸ್ತನಂತೆ ನಡೆದುಕೊಂಡಿತು. ವನಜ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಕಟ್ಟಿ, ಚೀಲದಲ್ಲಿಟ್ಟು, ಮಡಿಲಲ್ಲಿ ಹಿಡಿದುಕೊಂಡು ಹಿಂದೆ ಕುಳಿತರು. ಸವಾರಿ ಹೊರಟಿತು.

ಕೋಟೇಶ್ವರ ದಾಟುವವರೆಗೆ ಎಲ್ಲವೂ ಸುಸೂತ್ರ. ಆದರೆ ಆ ಗಂಟಿಗೆ ಪರಿಚಯವಿದ್ದದ್ದು ತಣ್ಣನೆಯ ಕಡಲು; ಬೈಕಿನ ಎಂಜಿನ್ನು ಕಡಲಲ್ಲವಷ್ಟೆ! ಬಿಸಿಗೆ ಹುರಿ ಮೆತ್ತಗಾಯಿತು, ಗಂಟು ಜಾರಿತು. ತೆಕ್ಕಟ್ಟೆಯ ಬಳಿ ಎರಡನೇ ಗೇರಿನಿಂದ ಮೂರಕ್ಕೆ ಹಾಕಲು ಪಾದ ಆಡಿಸಿದರೆ, ಅಲ್ಲಿ ಬರೀ ಗಾಳಿ!

“ಎಂತ ಆಯ್ತ್?”

“ಎಂತ ಇಲ್ಲೆ. ನಿಧಾನ ಹೋಪ ಅಂದೇಳಿ ಕಂಡೆ.”

ನಿಲ್ಲಿಸುವಂತಿರಲಿಲ್ಲ. ಆ ಹಳೆಯ ಬೈಕು ನ್ಯೂಟ್ರಲ್ಲಿಗೆ ಬಾರದೆ ಕಿಕ್ಕಿಗೆ ಜಗ್ಗುತ್ತಿರಲಿಲ್ಲ. ಲಿವರಿಲ್ಲದೆ ನ್ಯೂಟ್ರಲ್ಲು ಸಿಗುತ್ತಿರಲಿಲ್ಲ. ತಳ್ಳಿ ಹೊರಡಿಸಲು ರತ್ನಾಕರರ ಪ್ರಾಯ ಬಿಡುತ್ತಿರಲಿಲ್ಲ. ಎಂಜಿನ್ನು ಒಮ್ಮೆ ನಿಂತಿತೋ, ಮಗಳ ಊಟವೂ ಅಲ್ಲೇ ನಿಂತಂತೆ! ಆದ್ದರಿಂದ ಹೆದ್ದಾರಿಯಲ್ಲಿ ಎರಡನೇ ಗೇರಿನ ದಿಗ್ವಿಜಯ ಮುಂದುವರಿಯಿತು. ಲಾರಿಗಳು ಹಾರನ್ ಹೊಡೆದವು. ಬಸ್ಸುಗಳು ಧೂಳೆಬ್ಬಿಸಿದವು.

ಅಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು. “ಹ್ವಾಯ್! ರತ್ನಾಕರಣ್ಣಾ! ನಿಲ್ಸಿ, ನಿಲ್ಸಿ!” ಪರಿಚಯದ ದೇವು ಸೈಕಲ್ಲಿನಲ್ಲಿ ಬೆನ್ನಟ್ಟಿ ಬರುತ್ತಿದ್ದ.

“ದೇವು ಕರಿತಾ ಇದ್ದ” ಎಂದರು ವನಜ.

“ಅವ್ನಿಗ್ ಮಾತಾಡುಕ್ ಜನ ಬೇಕ್. ನೀ ತಿರ್ಗ್ ಕಾಣ್ಬ್ಯಾಡ.”

ಸೈಕಲ್ಲು ಬೈಕನ್ನು ಹಿಂದೆ ಹಾಕಿತೆಂದು ತೆಕ್ಕಟ್ಟೆಯಲ್ಲಿ ಇಂದಿಗೂ ಆಡಿಕೊಳ್ಳುತ್ತಾರೆ. ಇದು ಅರ್ಧಸತ್ಯ. ಸೈಕಲ್ಲು ಮೊದಲು ಪಕ್ಕಕ್ಕೆ ಬಂತು. ಹಿಂದೆ ಹಾಕಿದ್ದು ಅನಂತರ. ಪಕ್ಕಕ್ಕೆ ಬಂದ ದೇವು ಏದುಸಿರು ಬಿಡುತ್ತಾ ಗೇರ್ ಲಿವರನ್ನು ಎತ್ತಿ ಹಿಡಿದ. “ಇದ್ ನಿಮ್ದಲ್ದಾ? ರಸ್ತಿ ಮೇಲ್ ಬಿದ್ದಿತ್ತ್!” ವನಜ ಕೈಚಾಚಿ ಅದನ್ನು ಪಡೆದು, ಅದರಿಂದಲೇ ಗಂಡನ ಬೆನ್ನಿಗೊಮ್ಮೆ ತಿವಿದು, ಚೀಲಕ್ಕೆ ಹಾಕಿದರು.

ಸಾಲಿಗ್ರಾಮದಲ್ಲಿ ಒಂದು ಬಸ್ಸು ಅಡ್ಡ ನಿಂತಾಗ ರತ್ನಾಕರರು ಪಕ್ಕದ ಪೆಟ್ರೋಲ್ ಬಂಕಿಗೆ ನುಗ್ಗಿ, ಪಂಪಿಗೆ ಭಕ್ತಿಯಿಂದ ಪ್ರದಕ್ಷಿಣೆ ಬಂದು, ದಾರಿ ಬಿಟ್ಟೊಡನೆ ಹೊರಬಿದ್ದರು. “ಎಷ್ಟಕ್ಕ್ ಹಾಕುದ್?” ಎಂದು ಬಂಕಿನವನು ಓಡಿ ಬಂದದ್ದೇ ಬಂತು!

ಕೋಪ ತುಸು ಇಳಿದ ಮೇಲೆ ವನಜ ಕೇಳಿದರು: “ಹ್ವಾಯ್, ಅವ್ಳ್ ಉಂತ್ಳಲ್ದಾ?” ಎಂದಿನ ವೇಗದಲ್ಲಿ ಗಾಳಿ ಹೊತ್ತೊಯ್ಯುತ್ತಿದ್ದ ಹೆಂಡತಿಯ ದನಿಯ ನಡುಕ, ಎರಡನೇ ಗೇರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

“ಉಂತ್ಳ್ ಹೆಣೆ. ನೀ ಮಾಡಿದ್ದಲ್ದಾ?”

ವನಜರ ಕೈ ಗಂಡನ ಹೆಗಲನ್ನು ಇನ್ನೂ ಬಿಗಿಯಾಗಿ ಹಿಡಿಯಿತು. ಆ ಕ್ಷಣ ಮೂರನೇ ಗೇರು ಸಿಕ್ಕಿದ್ದರೂ ರತ್ನಾಕರರು ಹಾಕುತ್ತಿರಲಿಲ್ಲವೇನೋ.

ಬೀಗರ ಮನೆ ತಲುಪಿದಾಗ ಊಟದ ಹೊತ್ತು ಮೀರಿತ್ತು. ಪೂಜಿತಾ ಬಾಡಿದ ಮುಖ ಹೊತ್ತು ಜಗಲಿಯಲ್ಲೇ ಕಾಯುತ್ತಿದ್ದಳು. ಚೀಲಕ್ಕೆ ಕೈಹಾಕಿ, ಸಿಕ್ಕಿದ್ದನ್ನು ಎಳೆದಳು.

“ಅಮ್ಮಾ, ಇದ್ ಎಂತ ಮೀನ್?”

“ಅದ್ ನಿನ್ನ ಅಪ್ಪಯ್ಯ ಹಿಡ್ದದ್ದ್ ಮಗಾ. ಸಾರ್ ಕೆಳಗಿತ್ತ್.”

ವಾರದಿಂದ ನಗದಿದ್ದ ಹುಡುಗಿ ನಕ್ಕಳು. ನಗುತ್ತಲೇ ಅನ್ನಕ್ಕೆ ಸಾರು ಕಲಸಿದಳು. ಒಂದು ತುತ್ತು, ಇನ್ನೊಂದು, ಮತ್ತೊಂದು. ಎರಡನೇ ಸಲ ಅನ್ನ ಹಾಕಿಸಿಕೊಂಡಾಗ ವನಜ ಸೆರಗಿನಿಂದ ಕಣ್ಣೊರೆಸಿಕೊಂಡರು. ರತ್ನಾಕರರು ತಮ್ಮ ಕಣ್ಣಿಗೆ ಹೆದ್ದಾರಿಯ ಧೂಳು ಬಿದ್ದಿದೆಯೆಂದು ಯಾರೂ ಕೇಳದಿದ್ದರೂ ತಿಳಿಸಿದರು.

“ಬಸ್ಸಿಗ್ ಬಪ್ಪುಕಾಗಿತ್ತಲೆ ಬೀಗ್ರೆ?” ಎಂದರು, ದಾರಿಯ ಕಥೆಯೆಲ್ಲ ಕೇಳಿದ ಅಳಿಯನ ತಂದೆ ಚಂದು.

ರತ್ನಾಕರರು ತಲೆ ತಗ್ಗಿಸಿದರು. ಆದರೆ ಉತ್ತರಿಸಿದವರು ವನಜ. “ಬಸ್ಸಿನವ್ರ್ ಇಷ್ಟ್ ನಾಜೂಕಾಗಿ ತತ್ರಾ? ಕಾಣಿ, ಒಂದ್ ಹನಿ ಚೆಲ್ಲಲಿಲ್ಲೆ!”

ರತ್ನಾಕರರ ತಲೆ ಮೇಲೆದ್ದಿತು. ಎದೆ ಅದಕ್ಕಿಂತ ಮೇಲೆದ್ದಿತು. ಬೆರಳು ಚೀಪುತ್ತಿದ್ದ ಪೂಜಿತಾ ಹೇಳಿದಳು: “ಹಾಂಗಾರೆ ಅಮ್ಮಾ, ಹೆರಿಗಿಗೆ ಆಸ್ಪತ್ರಿಗ್ ಕರ್ಕಂಡ್ ಹೋಪುಕೂ ಅಪ್ಪಯ್ಯನೇ ಬರ್ಲಿ. ಕುಲುಕುದೇ ಇಲ್ಲೆ.”

“ಅಯ್ಯೋ ಬ್ಯಾಡ ಮಗಾ!” ಎಂದರು ವನಜ. “ಇವ್ರ್ ಆಸ್ಪತ್ರಿ ಮುಟ್ಟ್‌ಸುವತಿಗೆ ನಿನ್ನ್ ಮಗು ಶಾಲಿಗ್ ಹೋಪಷ್ಟ್ ಆತ್ತ್!”