ಅತ್ತೆಯ ವಯಸ್ಸು ಮತ್ತು ಹಕ್ಕಿಜ್ವರ

ನಮ್ಮ ಸೋದರತ್ತೆಗೆ ವಯಸ್ಸಾಗುವುದಿಲ್ಲ! ನಂಬಿಕೆ ಬಾರದಿದ್ದರೆ ಅವರನ್ನೇ ಕೇಳಿ. ಪಾಸ್‌ಪೋರ್ಟಿನಲ್ಲಿ ಎಪ್ಪತ್ತೊಂಬತ್ತು, ಅವರ ಬಾಯಲ್ಲಿ ಅರವತ್ತೆಂಟು. "ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಜಾಸ್ತಿ ಬರೆದುಬಿಟ್ರು" ಎನ್ನುತ್ತಾರೆ. ಒಂದೆರಡು ವರ್ಷ ಆದರೆ ಸರಿ, ಹನ್ನೊಂದು ವರ್ಷವೇ? ಹುಟ್ಟುವ ಮೊದಲೇ ಸ್ಕೂಲಿಗೆ ಸೇರಿದ್ದರೇ?

ನನ್ನ ಹೆಂಡತಿ ತೀರಿಕೊಂಡ ಮೇಲೆ ಮೈಸೂರಿನಿಂದ ಬಂದು ಪರದೇಶದ ಈ ಶೋರ್‌ಲೈನ್ ಊರಿನ ಮನೆಯಲ್ಲಿ ನನ್ನ ಜೊತೆಗಿದ್ದಾರೆ. ಕಳೆದ ಚಳಿಗಾಲದಲ್ಲಿ ನಮ್ಮ ಹಿತ್ತಲಿಗೆ ಕಾಡು ಬಾತುಕೋಳಿಯೊಂದು ಬಂದು ಬಿತ್ತು. ಕತ್ತು ಓರೆಯಾಗಿತ್ತು, ಒದ್ದಾಡುತ್ತಿತ್ತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೊಕ್ಕಿಗೆ ಗಂಗಾಜಲ ಬಿಟ್ಟಾಗಿತ್ತು!

"ಪಾಪ ಕಣೋ, ಬಾಯಿಗೆ ನೀರಿಲ್ದೆ ಹೋಗ್ಬಾರ್ದು."

ಬಾತುಕೋಳಿ ಸದ್ಗತಿ ಪಡೆಯಿತು. ನಾನು ಫೋನ್ ಮಾಡಿ ತಿಳಿಸಿದ ಮೇಲೆ ಅದನ್ನು ಒಯ್ದು ಪರೀಕ್ಷೆ ಮಾಡಿದವರು ಅದಕ್ಕೆ ಹಕ್ಕಿಜ್ವರವಿತ್ತು ಎಂದರು. ಅಷ್ಟರಲ್ಲಿ ಅತ್ತೆಗೆ ಕೆಮ್ಮು, ಜ್ವರ ಶುರು. ಆರೋಗ್ಯ ಇಲಾಖೆಯ ನರ್ಸ್ ಫೋನ್ ಮಾಡಿ ವಯಸ್ಸು ಕೇಳಿದಳು.

"ಸಿಕ್ಸ್ಟಿ ಏಯ್ಟ್!" ಎಂದರು ಅತ್ತೆ.

"ಸೆವೆಂಟಿ ನೈನ್!" ಎಂದೆ ನಾನು.

ಎರಡರಲ್ಲಿ ಯಾವುದು ಎಂದು ನರ್ಸ್‌ಗೆ ಗೊಂದಲ. ಕೊನೆಗೆ ಗಂಭೀರವಾಗಿ ಹೇಳಿದಳು: ವಯಸ್ಸಾದಂತೆ ಮೈಯ ಹೋರಾಡುವ ಶಕ್ತಿ ಕುಗ್ಗುತ್ತದೆ, ಇಂಥ ಸೋಂಕು ಬೇಗ ಶ್ವಾಸಕೋಶಕ್ಕೆ ಇಳಿಯಬಹುದು, ಪರೀಕ್ಷೆ ಮಾಡಿಸಿ, ಫಲಿತಾಂಶಕ್ಕೆ ಕಾಯದೆ ಇವತ್ತೇ ಮಾತ್ರೆ ಶುರು ಮಾಡಿ, ಬೇರೆ ಕೋಣೆಯಲ್ಲಿರಿ.

ಫೋನ್ ಇಟ್ಟ ಮೇಲೆ ಅತ್ತೆ ಸಿಡುಕಿದರು. "ವೈರಸ್ಸೇನು ಪಾಸ್‌ಪೋರ್ಟ್ ನೋಡ್ಕೊಂಡು ಬರತ್ತಾ?"

"ಪಾಸ್‌ಪೋರ್ಟ್ ನೋಡಲ್ಲ ಅತ್ತೆ, ಶ್ವಾಸಕೋಶ ನೋಡತ್ತೆ."

ನಾನು ತಂದ ಮಾತ್ರೆ ನುಂಗಿ, ತಾವಾಗಿಯೇ ಬೇರೆ ಕೋಣೆಗೆ ಹೋದರು. ಅತ್ತೆ ಒಂದೇ ಸಲಕ್ಕೆ ಹೇಳಿದ ಮಾತು ಕೇಳಿದರು ಅಂದರೆ ನನಗೆ ಭಯವಾಗದೆ ಇರುತ್ತದೆಯೇ?

ಗಾಬರಿ ಬೇಡ, ಫಲಿತಾಂಶ ಬಂದಾಗ ಅದು ಹಕ್ಕಿಜ್ವರವಲ್ಲ, ಮಾಮೂಲಿ ಫ್ಲೂ. ಈಗ ಹುಷಾರಾಗಿದ್ದಾರೆ, ವಯಸ್ಸು ಮತ್ತೆ ಅರವತ್ತೆಂಟಕ್ಕೆ ಇಳಿದಿದೆ. ಆದರೆ ಫಲಿತಾಂಶ ಬರುವ ಹಿಂದಿನ ದಿನ ಸಂಜೆ ಜ್ವರ ಏರಿತ್ತು. ತಿಳಿಸಾರು ಹಿಡಿದು ಅವರ ಕೋಣೆಯ ಬಾಗಿಲು ತೆರೆಯಲು ಹೋದೆ. ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು.

"ತೆಗೀರಿ ಅತ್ತೆ. ಮಾಸ್ಕ್ ಹಾಕ್ಕೊಂಡಿದೀನಿ."

"ಬೇಡ. ಅಲ್ಲೇ ಇಟ್ಟು ಹೋಗು. ನಿಂಗೂ ಐವತ್ತೇಳಾಯ್ತು ಕಣೋ, ಹುಡುಗ ಅಲ್ಲ ನೀನು." ಕೆಮ್ಮು ನಿಲ್ಲುವವರೆಗೆ ತಡೆದು, ಮೆಲ್ಲಗೆ ಹೇಳಿದರು: "ನೀನೂ ಮಲಗಿಬಿಟ್ರೆ ನಿನ್ನ ನೋಡ್ಕೊಳ್ಳೋಕೆ ನಾನು ಏಳ್ಬೇಕಲ್ಲ. ಇವತ್ತು ನನ್ ಕೈಲಾಗಲ್ಲ ಮರಿ."

ಸಾರಿನ ಲೋಟ ಬಾಗಿಲ ಬಳಿ ಇಟ್ಟೆ. ಹೋಗಲು ಮನಸ್ಸಾಗಲಿಲ್ಲ. ಸ್ವಲ್ಪ ದೂರದಲ್ಲಿ ಗೋಡೆಗೊರಗಿ, ನೆಲದ ಮೇಲೆ ಕುಳಿತುಕೊಂಡೆ.